ಪಠ್ಯದಲ್ಲಿಲ್ಲದ ಪ್ರಶ್ನೆ

"ಗೃಹಲಕ್ಷ್ಮಿ ಯೋಜನೆ ಯಾವಾಗ, ಎಲ್ಲಿ ಆರಂಭವಾಯಿತು?" ಎಂದು ನಾವು ಕೇಳಿದೆವು.

ಕಾಗವಾಡದ ಹುಡುಗಿ ಪುಸ್ತಕದತ್ತ ನೋಡದೆಯೇ ಹೇಳಿದಳು. "2023, ಆಗಸ್ಟ್ 30. ಮೈಸೂರು. ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ. ನೇರ ನಗದು ವರ್ಗಾವಣೆ."

ಅಂದು ಅವಳ ತಾಯಿಯೂ ಬಂದಿದ್ದರು. ಚಿಕ್ಕೋಡಿಯ ನೆಂಟರ ಮನೆಗೆ ಬಂದವರು ಮಗಳನ್ನು ಜೊತೆಗೆ ಕರೆದೊಯ್ಯೋಣವೆಂದು ನಮ್ಮ ಮನೆಯ ಬಾಗಿಲ ಬಳಿ ಕುಳಿತಿದ್ದರು. ಮಗಳ ಉತ್ತರ ಕೇಳಿ ಅವರ ಮುಖ ಅರಳಿತು. ಆಮೇಲೆ ನಗುತ್ತಲೇ ಕೇಳಿದರು. "ಎಲ್ಲಾ ಬರೋಬ್ಬರಿ ಹೇಳಿದಿ ಬಿಡವಾ. ಆದ್ರ ನಂದು ನಾಕ್ ತಿಂಗಳದ್ದು ಯಾಕ ಬಂದಿಲ್ಲ ಅಂತ ನಿಮ್ಮ ಬುಕ್ಕಿನ್ಯಾಗ ಬರದಾರೇನ್ರಿ, ಅಕ್ಕೋರ?"

ಪಡಸಾಲೆಯಲ್ಲಿ ಆರು ಮಂದಿ ಅಭ್ಯರ್ಥಿಗಳಿದ್ದರು. ನಾಲ್ವರು ಹುಡುಗಿಯರು, ಇಬ್ಬರು ಹುಡುಗರು. ಎಲ್ಲರೂ ಪದವೀಧರರು. ಕಲಿಸುವವರೆಂದು ನಾವೂ ಇದ್ದೆವು. ಆ ಪ್ರಶ್ನೆಗೆ ನಮ್ಮ ಏಳು ಮಂದಿಯಲ್ಲಿ ಒಬ್ಬರ ಬಳಿಯೂ ಉತ್ತರವಿರಲಿಲ್ಲ.

ಈ ಭಾನುವಾರದ ತರಗತಿ ಹೇಗೆ ಆರಂಭವಾಯಿತೆಂದು ಮೊದಲು ಹೇಳಬೇಕು. ನಾವು ಕಥೆ ಬರೆಯುವವರು. ಏಳನೆಯ ತರಗತಿಯವರೆಗೆ ಉರ್ದು ಶಾಲೆ, ಎಂಟನೆಯದರಿಂದ ಕನ್ನಡ. ಪದವಿ ಮುಗಿದ ವರ್ಷ ಒಮ್ಮೆ ಪ್ರಥಮ ದರ್ಜೆ ಸಹಾಯಕರ ಹುದ್ದೆಗೆ ಪರೀಕ್ಷೆ ಬರೆದೆವು. ಪಾಸಾಗಲಿಲ್ಲ. ಎರಡನೆಯ ಸಲ ಬರೆಯಲು ಬೆಳಗಾವಿಯಲ್ಲಿ ಕೋಣೆ ಹಿಡಿದು ಓದಬೇಕೆಂದಾಗ ಅಬ್ಬಾ ಒಪ್ಪಲಿಲ್ಲ. ಆ ಮಾತು ಅಲ್ಲಿಗೇ ಮುಗಿಯಿತು. ಆದರೆ ಮನೆಯಲ್ಲಿ ವೃತ್ತಪತ್ರಿಕೆ ಓದುವ, ಕತ್ತರಿಸಿ ಇಡುವ ಅಭ್ಯಾಸ ಮಾತ್ರ ಹಾಗೆಯೇ ಉಳಿಯಿತು. ಅದನ್ನು ಕಂಡ ಅಕ್ಕಪಕ್ಕದವರು ಅರ್ಜಿ ತುಂಬಿಸಲು, ಪ್ರಬಂಧ ತಿದ್ದಿಸಲು ಬರತೊಡಗಿದರು.

2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದು ಹೆಣ್ಣುಮಕ್ಕಳ ಬಸ್ಸಿನ ಟಿಕೆಟ್ ಉಚಿತವಾಯಿತು. ಆ ಮಳೆಗಾಲದಲ್ಲಿ ಒಂದು ಭಾನುವಾರ ನಿಪ್ಪಾಣಿಯಿಂದ ಒಬ್ಬಳು, ರಾಯಬಾಗದಿಂದ ಒಬ್ಬಳು, ಕಾಗವಾಡದಿಂದ ಒಬ್ಬಳು, ಹೀಗೆ ಮೂವರು ನಮ್ಮ ಮನೆಯ ಮುಂದೆ ಬಂದು ನಿಂತರು. "ಆಪಾ, ಈಗ ಬಸ್ಸಿಗೆ ಅಬ್ಬಾ ಹತ್ರ ದುಡ್ಡು ಕೇಳೋದು ಬೇಕಿಲ್ಲ. ವಾರಕ್ಕೊಮ್ಮೆ ಬರ್ತೀವಿ, ಕರೆಂಟ್ ಅಫೇರ್ಸ್ ಹೇಳಿಕೊಡ್ರಿ" ಎಂದಳು ನಿಪ್ಪಾಣಿಯವಳು. ಹೀಗೆ ಸರಕಾರದ ಯೋಜನೆಗಳನ್ನು ಕಲಿಯುವ ತರಗತಿ ಸರಕಾರದ ಒಂದು ಯೋಜನೆಯಿಂದಲೇ ಹುಟ್ಟಿತು. ಆಮೇಲೆ ಚಿಕ್ಕೋಡಿಯವಳೇ ಒಬ್ಬಳು ಸೇರಿದಳು. ಅಥಣಿಯಿಂದ, ಕುಡಚಿಯಿಂದ ಒಬ್ಬೊಬ್ಬ ಹುಡುಗರು ತಮ್ಮ ದುಡ್ಡಿನಲ್ಲೇ ಟಿಕೆಟ್ ತೆಗೆದುಕೊಂಡು ಬರತೊಡಗಿದರು. ಅವರ ಹೆಸರುಗಳನ್ನು ಇಲ್ಲಿ ಬರೆಯುವುದಿಲ್ಲ. ಊರಿನ ಹೆಸರಿನಿಂದ ಕರೆದರೆ ಸಾಕು.

ನಮ್ಮದು ಗಡಿಯ ಸೀಮೆ. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಚಿಕ್ಕೋಡಿ ಒಂದು ಜಿಲ್ಲೆ, ಶೈಕ್ಷಣಿಕ ಜಿಲ್ಲೆ. ಮರುದಿನ ಮತ್ತೆ ತಾಲೂಕು. 1997ರಲ್ಲಿ ಜೆ.ಎಚ್. ಪಟೇಲರ ಸರಕಾರ ಹೊಸ ಜಿಲ್ಲೆಗಳನ್ನು ಮಾಡಿದಾಗ ಚಿಕ್ಕೋಡಿಯ ಹೆಸರೂ ಪಟ್ಟಿಗೆ ಬಂದು ಹೋಯಿತು. ಗಡಿಯ ವಿವಾದ, ಮಹಾಜನ ಆಯೋಗದ 1967ರ ವರದಿ, ಅದರಲ್ಲಿ ನಿಪ್ಪಾಣಿ ಯಾವ ಕಡೆ ಎಂಬುದು, 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಹೋದದ್ದು, ಇವೆಲ್ಲ ಪುಸ್ತಕದಲ್ಲಿ ಒಂದೊಂದು ಅಂಕದ ಪ್ರಶ್ನೆಗಳು. ನಮ್ಮ ಮಕ್ಕಳಿಗೆ ಅವು ಬಸ್ಸು ನಿಂತುಹೋದ ದಿನಗಳ ನೆನಪು.

ಭಾಷೆಯ ಕಥೆ ಇನ್ನೂ ವಿಚಿತ್ರ. ನಿಪ್ಪಾಣಿಯ ಹುಡುಗಿಗೆ ಮನೆಯಲ್ಲಿ ಉರ್ದು, ಓಣಿಯಲ್ಲಿ ಮರಾಠಿ, ಕಾಲೇಜಿನಲ್ಲಿ ಕನ್ನಡ. ಕೇಂದ್ರ ಲೋಕಸೇವಾ ಆಯೋಗದ ಪೂರ್ವಭಾವಿ ಪರೀಕ್ಷೆಯ ಪ್ರಶ್ನೆಪತ್ರಿಕೆ ಮಾತ್ರ ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಮರಾಠಿಯ ದಯೆಯಿಂದ ಅವಳಿಗೆ ದೇವನಾಗರಿ ಓದಲು ಬರುತ್ತದೆ, ಉರ್ದುವಿನ ದಯೆಯಿಂದ ಹಿಂದಿ ಕೇಳಿದರೆ ತಿಳಿಯುತ್ತದೆ. ಆದರೂ ಪತ್ರಿಕೆಯ ಸಂಸ್ಕೃತಮಯ ಹಿಂದಿಯನ್ನು ಅರ್ಥ ಮಾಡಿಕೊಳ್ಳಲು ಪಕ್ಕದಲ್ಲಿರುವ ಇಂಗ್ಲಿಷನ್ನೇ ನೋಡುತ್ತಾಳೆ. ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲಾಗಲಿ ಉರ್ದುವಿನಲ್ಲಾಗಲಿ ಬರೆಯಬಹುದು. 2016ರ ಪರೀಕ್ಷೆಯಲ್ಲಿ ದೇಶಕ್ಕೇ ಮೊದಲಿಗರಾದ ಕೋಲಾರ ಕಡೆಯ ಕೆ.ಆರ್. ನಂದಿನಿಯವರ ಐಚ್ಛಿಕ ವಿಷಯ ಕನ್ನಡ ಸಾಹಿತ್ಯವೇ ಆಗಿತ್ತು. ಆದರೆ ಅಲ್ಲಿಗೆ ಮುಟ್ಟುವ ಮೊದಲ ಬಾಗಿಲಲ್ಲಿ ಕನ್ನಡವಿಲ್ಲ. ಕನ್ನಡವಿರುವ ಬಾಗಿಲಿನ ಸ್ಥಿತಿಯೂ ನಮಗೆ ಗೊತ್ತು. 384 ಹುದ್ದೆಗಳ ಕೆಎಎಸ್ ಪೂರ್ವಭಾವಿ ಪರೀಕ್ಷೆ 2024ರ ಆಗಸ್ಟ್ 27ರಂದು ನಡೆಯಿತು. ಕನ್ನಡ ಅನುವಾದದ ತಪ್ಪುಗಳಿಂದಾಗಿ ಡಿಸೆಂಬರ್ 29ರಂದು ಮರುಪರೀಕ್ಷೆ ನಡೆಸಬೇಕಾಯಿತು. ಅದರಲ್ಲಿಯೂ ಅನುವಾದ ಕೆಟ್ಟಿದೆ ಎಂದು ಅಭ್ಯರ್ಥಿಗಳು ಬೀದಿಗಿಳಿದರು. ಕನ್ನಡದಲ್ಲಿ ಓದಿದವನು ಕನ್ನಡದ ಪ್ರಶ್ನೆಯನ್ನು ತಿಳಿಯಲು ಇಂಗ್ಲಿಷ್ ಕಡೆ ಕಣ್ಣು ಹಾಯಿಸಬೇಕಾದ ನಾಡಿದು.

ಇನ್ನು ಪ್ರಚಲಿತ ವಿದ್ಯಮಾನ. ಈ ವಿಷಯಕ್ಕೆ ಹಾಲಿನ ಗುಣವಿದೆ, ಬೇಗ ಕೆಡುತ್ತದೆ. 2005ರ ಉದ್ಯೋಗ ಖಾತರಿ ಕಾಯ್ದೆಯ ನೂರು ದಿನಗಳನ್ನು ನಾವು ಎರಡು ವರ್ಷ ಬಾಯಿಪಾಠ ಮಾಡಿಸಿದೆವು. 2025ರ ಡಿಸೆಂಬರಿನಲ್ಲಿ ಸಂಸತ್ತು ಅದರ ಜಾಗಕ್ಕೆ 125 ದಿನಗಳ ಹೊಸ ಕಾಯ್ದೆಯನ್ನು ತಂದಿತು. ಒಂದರಿಂದ ಎಂಟನೆಯ ತರಗತಿಯ ಅಲ್ಪಸಂಖ್ಯಾತ ಮಕ್ಕಳಿಗೆ ಕೇಂದ್ರ ಕೊಡುತ್ತಿದ್ದ ವಿದ್ಯಾರ್ಥಿವೇತನ 2022ರಲ್ಲಿ ನಿಂತುಹೋಯಿತು. ಅದರ ನಂತರ ಕೊಂಡ ಪುಸ್ತಕದಲ್ಲೂ ಆ ಯೋಜನೆ ಜೀವಂತವಾಗಿತ್ತು. "ಬುಕ್ಕಿನ್ಯಾಗ ಐತಿ ಆಪಾ, ನಮ್ಮ ತಮ್ಮನ ಖಾತೇದಾಗ ಇಲ್ಲ" ಎಂದು ಕುಡಚಿಯ ಹುಡುಗ ನಗೆಯಾಡಿದ್ದ.

ಒಂದು ವಿಷಯ ಮಾತ್ರ ಕಥೆಗಾರರಾದ ನಮ್ಮನ್ನು ಚುಚ್ಚಿತು. 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರಿಗೆ ಅಂತಾರಾಷ್ಟ್ರೀಯ ಬೂಕರ್ ಬಂದಾಗ ನಾವು ಹಬ್ಬದಂತೆ ಸಿಹಿ ಹಂಚಿದೆವು. ಮುಂದಿನ ಭಾನುವಾರ ಆರೂ ಮಂದಿ ಸರಿಯಾದ ಉತ್ತರ ಹೇಳಿದರು. ಕೃತಿ 'ಹಾರ್ಟ್ ಲ್ಯಾಂಪ್', ಅನುವಾದ ದೀಪಾ ಭಾಸ್ತಿ, ಬಹುಮಾನ 50,000 ಪೌಂಡ್, ಇಬ್ಬರಿಗೂ ಸಮಪಾಲು. "ಕಥೆ ಯಾರು ಓದಿದ್ದೀರಿ?" ಎಂದೆವು. ಯಾರೂ ಓದಿರಲಿಲ್ಲ. ಅಂದಿನ ಪಾಠ ಬಿಟ್ಟು 'ಎದೆಯ ಹಣತೆ'ಯನ್ನು ಗಟ್ಟಿಯಾಗಿ ಓದಿದೆವು. ಕಥೆ ಮುಗಿದ ಮೇಲೆ ರಾಯಬಾಗದವಳು ಬಹಳ ಹೊತ್ತು ಮಾತನಾಡಲಿಲ್ಲ. ಉತ್ತರ ಗೊತ್ತಿದ್ದೂ ವಿಷಯ ಗೊತ್ತಿಲ್ಲದಿರುವುದು ಸಾಧ್ಯ ಎಂಬುದು ಆ ದಿನ ಮಕ್ಕಳಿಗೆ ತಿಳಿಯಿತು. ನಮಗೆ ಅದು ಒಂದು ವರ್ಷ ಮೊದಲೇ, ಕಾಗವಾಡದ ಆ ತಾಯಿಯಿಂದ ತಿಳಿದಿತ್ತು.

ಅವರ ಪ್ರಶ್ನೆಗೆ ಮರಳೋಣ. ನೇರ ನಗದು ವರ್ಗಾವಣೆ ಎಂಬ ಮೂರು ಶಬ್ದಗಳನ್ನು ನಾವೆಲ್ಲ ಬಲ್ಲೆವು. ಹಣ ಹೇಗೆ ನಡೆದು ಬರುತ್ತದೆ ಎಂಬುದನ್ನು ನೋಡಿರಲಿಲ್ಲ. ಕುಡಚಿಯ ಹುಡುಗ ಕಂಪ್ಯೂಟರ್ ಅಂಗಡಿಯಲ್ಲಿ ಅರ್ಧ ದಿನ ದುಡಿಯುವವನು. ಅವನು ಕಾಗವಾಡದ ತಾಯಿಯನ್ನು ಕೂರಿಸಿಕೊಂಡು ಕೇಳಿದ, "ಅಮ್ಮಾರ, ಬ್ಯಾರೆ ಯಾವರೆ ಬ್ಯಾಂಕಿನ್ಯಾಗ ಖಾತೆ ತಗದೀರೇನ್ರಿ?" ಇಲ್ಲವೆಂದರು. ಆಮೇಲೆ ನೆನಪಾಯಿತು. ಗಂಡನ ಶಸ್ತ್ರಚಿಕಿತ್ಸೆಗೆ ಮಿರಜಿಗೆ ಹೋಗಿದ್ದಾಗ ಅಲ್ಲಿ ಒಂದು ಖಾತೆ ತೆರೆದು, ಆಧಾರ್ ಕೊಟ್ಟಿದ್ದರು. ನಮ್ಮ ಸೀಮೆಯಲ್ಲಿ ದೊಡ್ಡ ಕಾಯಿಲೆ ಎಂದರೆ ಮಿರಜ. ಆಧಾರ್ ಮೂಲಕ ಬರುವ ಹಣ ಅರ್ಜಿಯಲ್ಲಿ ಬರೆದ ಖಾತೆಯನ್ನು ನೋಡುವುದಿಲ್ಲ. ಆಧಾರ್ ಕೊನೆಯದಾಗಿ ಯಾವ ಬ್ಯಾಂಕಿಗೆ ಜೋಡಣೆಯಾಗಿದೆಯೋ ಅಲ್ಲಿಗೆ ಹೋಗುತ್ತದೆ. ನಾಲ್ಕು ತಿಂಗಳ ಎಂಟು ಸಾವಿರ ರೂಪಾಯಿ ಕೃಷ್ಣೆಯ ಆಚೆ, ಮರೆತುಹೋದ ಒಂದು ಪಾಸ್‌ಬುಕ್ಕಿನಲ್ಲಿ ಸುಮ್ಮನೆ ಕುಳಿತಿತ್ತು. ಯಾರ ತಪ್ಪೂ ಇರಲಿಲ್ಲ. ತಿಳಿದವರು ಪಕ್ಕದಲ್ಲಿರಲಿಲ್ಲ, ಅಷ್ಟೇ. ತಿಳಿದವರೆಂದು ಹೆಸರು ಪಡೆದ ಮಗಳು ಅದೇ ಮನೆಯಲ್ಲಿದ್ದಳು ಎಂಬುದು ನಮ್ಮನ್ನು ಕಾಡಿತು.

ಅಂದಿನಿಂದ ತರಗತಿಗೆ ಒಂದು ನಿಯಮ ಬಂತು. ಒಂದು ಯೋಜನೆಯನ್ನು ಟಿಪ್ಪಣಿ ಪುಸ್ತಕಕ್ಕೆ ಬರೆಯುವ ಮೊದಲು ಅದನ್ನು ಪಡೆಯುವ, ಇಲ್ಲವೇ ಪಡೆಯಬೇಕಾದ ಒಂದು ಮನೆಗೆ ಹೋಗಿ ಬರಬೇಕು. ಅರ್ಜಿ ತುಂಬಿಸುವುದಿದ್ದರೆ ತುಂಬಿಸಬೇಕು. ಬಾರದಿದ್ದರೆ ಯಾಕೆ ಎಂದು ಕಂಡುಹಿಡಿಯಬೇಕು. ಭಾನುವಾರ ಬಂದು ಅದನ್ನೇ ಹೇಳಬೇಕು.

ಆಮೇಲೆ ನಮ್ಮ ಟಿಪ್ಪಣಿಗಳ ರೂಪವೇ ಬದಲಾಯಿತು. ಕಾಗವಾಡದವಳ ಚಿಕ್ಕಮ್ಮನನ್ನು ಮ್ಹೈಸಾಳಕ್ಕೆ ಕೊಟ್ಟಿದೆ. ಗಡಿ ದಾಟಿದರೆ ಆ ಊರು. ಅಕ್ಕನಿಗೆ ಕರ್ನಾಟಕದ ಗೃಹಲಕ್ಷ್ಮಿ, 2,000. ತಂಗಿಗೆ ಮಹಾರಾಷ್ಟ್ರ 2024ರಲ್ಲಿ ತಂದ ಲಾಡ್ಕಿ ಬಹಿಣ್, 1,500. ಇಲ್ಲಿ ಬಸ್ಸು ಪೂರ್ತಿ ಉಚಿತ, ಅಲ್ಲಿ 2023ರಿಂದ ಅರ್ಧ ಟಿಕೆಟ್. ಹಬ್ಬಕ್ಕೆ ಸೇರಿದಾಗ ಅಕ್ಕತಂಗಿಯರು ಇದನ್ನೇ ಲೆಕ್ಕ ಹಾಕುತ್ತಾರಂತೆ. ಇಲ್ಲಿ ಯಜಮಾನಿ ಒಬ್ಬಳಿಗೇ, ಅಲ್ಲಿ ಅವಿವಾಹಿತ ಮಗಳಿಗೂ ಉಂಟು ಎಂಬ ವ್ಯತ್ಯಾಸವನ್ನು ಆ ತಂಗಿಯೇ ಹೇಳಿಕೊಟ್ಟರು. ಎರಡು ರಾಜ್ಯಗಳ ಕಲ್ಯಾಣ ನೀತಿಯ ತುಲನೆ ಎಂದು ಮುಖ್ಯ ಪರೀಕ್ಷೆಯಲ್ಲಿ ಹದಿನೈದು ಅಂಕಕ್ಕೆ ಕೇಳಬಹುದಾದ ಪ್ರಶ್ನೆಯದು.

ಅಥಣಿಯ ಹುಡುಗನ ಮನೆಯಲ್ಲಿ ಚಪ್ಪಲಿ ಹೊಲಿಯುತ್ತಾರೆ. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿತು. ಅದು ಮಹಾರಾಷ್ಟ್ರದ ನಾಲ್ಕು, ಕರ್ನಾಟಕದ ನಾಲ್ಕು ಜಿಲ್ಲೆಗಳಿಗೆ ಸೇರಿದ್ದು, ನಮ್ಮ ಬೆಳಗಾವಿಯೂ ಅದರಲ್ಲಿದೆ. ಇಷ್ಟನ್ನು ಅವನು ನಿದ್ದೆಯಲ್ಲೂ ಹೇಳಬಲ್ಲ. 2025ರ ಜೂನಿನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್ ಪ್ರದರ್ಶನದಲ್ಲಿ ಅದೇ ಬಗೆಯ ಚಪ್ಪಲಿ ತೋರಿಸಿ ಗದ್ದಲವಾದಾಗ ಆ ಸುದ್ದಿಯನ್ನೂ ಕತ್ತರಿಸಿ ತಂದ. ತಂದೆಯನ್ನು ಕೇಳಿಕೊಂಡು ಬಾ ಎಂದೆವು. ಮುಂದಿನ ವಾರ ಬಂದು ಹೇಳಿದ. "ಅಪ್ಪಗ ಆ ಸೂಚಕದ ಹೆಸರೂ ಗೊತ್ತಿಲ್ರಿ ಅಕ್ಕೋರ. ಕೊಲ್ಹಾಪುರದ ವ್ಯಾಪಾರಿ ಬಂದು ಡಜನ್ ಲೆಕ್ಕದಾಗ ಒಯ್ತಾನ." ಸೂಚಕ ಸಿಕ್ಕ ಮಾತ್ರಕ್ಕೆ ಕುಶಲಕರ್ಮಿ ಅದನ್ನು ಬಳಸುವಂತಿಲ್ಲ, ಅಧಿಕೃತ ಬಳಕೆದಾರನಾಗಿ ನೋಂದಾಯಿಸಿಕೊಳ್ಳಬೇಕು ಎಂಬುದನ್ನು ಆ ಹುಡುಗ ಆಮೇಲೆ ಹುಡುಕಿ ಓದಿದ. ಓಣಿಯಲ್ಲಿ ಹತ್ತು ಮನೆಯವರನ್ನು ಕೂರಿಸಿ ಹೇಳಿದ.

ನಿಪ್ಪಾಣಿಯವಳ ತಾಯಿ ಬೀಡಿ ಕಟ್ಟುತ್ತಾರೆ. ತಂಬಾಕಿನ ನಿಪ್ಪಾಣಿ ಎಂದರೆ ಪುಸ್ತಕದಲ್ಲಿ ಒಂದು ಸಾಲು. 1981ರ ಏಪ್ರಿಲಿನಲ್ಲಿ ತಂಬಾಕು ಬೆಳೆಗಾರರ ಚಳವಳಿಯ ಮೇಲೆ ಗೋಲಿಬಾರ್ ನಡೆದು ರೈತರು ಸತ್ತದ್ದು, ಅದೇ ಕಾಲದಲ್ಲಿ ತಂಬಾಕು ಕಾರ್ಖಾನೆಯ ಹೆಂಗಸರು ಸಂಘ ಕಟ್ಟಿ ಹೋರಾಡಿದ್ದು ಆ ಸಾಲಿನಲ್ಲಿಲ್ಲ. ಬೀಡಿ ಕಾರ್ಮಿಕರ ಕಲ್ಯಾಣ ನಿಧಿಗೆ 1976ರಿಂದ ಬೀಡಿಯ ಮೇಲಿನ ಸುಂಕದಿಂದಲೇ ಹಣ ಬರುತ್ತಿತ್ತು, 2017ರಲ್ಲಿ ಜಿಎಸ್‌ಟಿ ಬಂದಾಗ ಆ ಸುಂಕ ಹೋಯಿತು. ಇದನ್ನು ಅವಳು ಓದಿ ತಾಯಿಗೆ ಹೇಳಿದಾಗ, ತಾಯಿ ಪೆಟ್ಟಿಗೆಯಿಂದ ಹಳೆಯ ಗುರುತಿನ ಚೀಟಿ ತೆಗೆದು ತೋರಿಸಿದರಂತೆ. ಆ ಚೀಟಿಯ ಮೇಲೆ ಮಕ್ಕಳ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಬಹುದಿತ್ತು. ಅವಳ ಓದು ಮುಗಿದಿತ್ತು. ತಮ್ಮನಿಗೆ ಹಾಕಿದರು.

ಇಷ್ಟನ್ನು ಬರೆದಾಗ ನಾವೇನೋ ದೊಡ್ಡದು ಸಾಧಿಸಿದ ಹಾಗೆ ಓದುಗರಿಗೆ ತೋರಬಹುದು. ಆದ್ದರಿಂದ ರಾಯಬಾಗದವಳ ಮಾತನ್ನೂ ಬರೆಯಲೇಬೇಕು.

ಅವಳು ನಮ್ಮಲ್ಲಿಗೆ ಬರತೊಡಗಿದ್ದು ತರಗತಿಗೂ ಮೊದಲು, 2022ರಲ್ಲಿ. ಆಗ ಅವಳಿಗೆ 29. ಕೇಂದ್ರ ಸರಕಾರದ ಒಂದು ಹುದ್ದೆಗೆ ಅರ್ಜಿ ಕರೆದಿದ್ದರು. ವಯಸ್ಸಿನ ಮಿತಿ 30, ಹಿಂದುಳಿದ ವರ್ಗಕ್ಕೆ ಮೂರು ವರ್ಷದ ಸಡಿಲಿಕೆ. ಅಮ್ಮಿಗೆ ಪಾರ್ಶ್ವವಾಯು ಬಡಿದು ಮನೆಯ ಕೆಲಸವೆಲ್ಲ ಅವಳ ಮೇಲಿತ್ತು. "ಆಪಾ, ಈ ವರ್ಷವೇ ಬರೆಯಲೋ, ಅಮ್ಮಿ ಸ್ವಲ್ಪ ಸುಧಾರಿಸಿದ ಮೇಲೆ ಬರೆಯಲೋ?" ಎಂದು ಕೇಳಿದಳು. ನಾವು ಬಹಳ ತಿಳಿದವರಂತೆ ಹೇಳಿದೆವು. "ನಾವು 2ಬಿ. ಅಂದರೆ ಒಬಿಸಿ. ನಿನಗೆ ಇನ್ನೂ ಮೂರು ವರ್ಷ ಜಾಸ್ತಿ ಉಂಟು. ಅವಸರವೇನು?"

ಅವಳು ಕಾದಳು. 31ರಲ್ಲಿ ಬರೆದಳು. ಲಿಖಿತ ಪರೀಕ್ಷೆ ಪಾಸಾಯಿತು. ಪ್ರಮಾಣಪತ್ರ ತರಲು ತಹಶೀಲ್ದಾರ್ ಕಚೇರಿಗೆ ಹೋದಾಗ ಅಲ್ಲಿನ ಗುಮಾಸ್ತರೊಬ್ಬರು ಅವಳನ್ನು ಕುಳ್ಳಿರಿಸಿ ಪಟ್ಟಿ ತೋರಿಸಿದರು. ರಾಜ್ಯದ 2ಬಿ ಬೇರೆ, ಕೇಂದ್ರದ ಹಿಂದುಳಿದ ವರ್ಗಗಳ ಪಟ್ಟಿ ಬೇರೆ. ಕರ್ನಾಟಕದ ಮುಸ್ಲಿಮರು ಕೇಂದ್ರದ ಪಟ್ಟಿಯಲ್ಲಿದ್ದಾರೆ, ಆದರೆ ಕೆಲವು ಪಂಗಡಗಳನ್ನು ಬಿಟ್ಟು. ಬಿಟ್ಟ ಹೆಸರುಗಳಲ್ಲಿ ಸೈಯದ್, ಪಠಾಣ್, ಮೊಘಲ್‌ಗಳ ಜೊತೆ ಶೇಖ್ ಕೂಡ ಇದೆ. ಅವಳ ಶಾಲಾ ದಾಖಲೆಯಲ್ಲಿ ಇದ್ದದ್ದು ಶೇಖ್. ಒಬಿಸಿ ಅಲ್ಲವೆಂದ ಮೇಲೆ ಸಡಿಲಿಕೆ ಇಲ್ಲ. ಸಡಿಲಿಕೆ ಇಲ್ಲವೆಂದ ಮೇಲೆ ಅರ್ಜಿಯೇ ಇಲ್ಲ. ಹೀಗೆ ಪಟ್ಟಿಯ ಹೊರಗುಳಿದ ಬಡವರಿಗೆ 2019ರಿಂದ ಆರ್ಥಿಕವಾಗಿ ಹಿಂದುಳಿದವರ ಹತ್ತು ಶೇಕಡಾ ಮೀಸಲಾತಿ ಇದೆ. ಅದರಲ್ಲಿ ವಯಸ್ಸಿನ ಸಡಿಲಿಕೆ ಇಲ್ಲ. 29ರಲ್ಲಿ ಆ ಬಾಗಿಲು ಅವಳಿಗೆ ತೆರೆದಿತ್ತು. ಅದರ ಮುಂದೆ ಕುಳಿತು ಕಾಯಲು ಹೇಳಿದವರು ನಾವು.

ಅಂದು ಸಂಜೆ ಅವಳು ನೇರ ನಮ್ಮ ಮನೆಗೆ ಬಂದಳು. ಅಳಲಿಲ್ಲ. "ಆಪಾ, ಆ ಪಟ್ಟಿಯನ್ನು ನೀವು ಎಲ್ಲಿ ಓದಿದ್ದಿರಿ?" ಎಂದು ಮಾತ್ರ ಕೇಳಿದಳು. ನಾವು ಓದಿರಲಿಲ್ಲ. ಕೇಳಿದ್ದೆವು. ಮದುವೆ ಮನೆಗಳಲ್ಲಿ, ಸಭೆಗಳಲ್ಲಿ, ಎಲ್ಲರೂ ಹೇಳುವ ಮಾತನ್ನು ನಾವೂ ಹೇಳಿದ್ದೆವು. ಬಾಗವಾನ, ಅತ್ತಾರ, ನದಾಫ, ಮುಜಾವರ, ಶೇಖ್, ಎಲ್ಲರೂ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವವರು ನಾವು. ಸರಕಾರದ ಕಾಗದದಲ್ಲಿ ಒಂದೊಂದು ಹೆಸರಿಗೆ ಒಂದೊಂದು ಮನೆ ಇದೆ ಎಂಬುದನ್ನು ಯಾರೂ ನೋಡಿರಲಿಲ್ಲ. ರಾಜ್ಯದ ಪಟ್ಟಿಯಲ್ಲಿ ನದಾಫ, ಪಿಂಜಾರರು ಪ್ರವರ್ಗ ಒಂದರಲ್ಲಿದ್ದಾರೆ ಎಂಬುದೂ ಅನೇಕರಿಗೆ ತಿಳಿಯದು. 2ಬಿಯ ನಾಲ್ಕು ಶೇಕಡಾ ಮೀಸಲಾತಿಯನ್ನು 2023ರ ಮಾರ್ಚಿನಲ್ಲಿ ಆಗಿನ ಸರಕಾರ ರದ್ದು ಮಾಡಿದಾಗ, ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ ಆದೇಶ ಜಾರಿಯಾಗದೆ ಉಳಿದಾಗ, ನಾವು ಓಣಿ ಓಣಿಯಲ್ಲಿ ವಾದ ಮಾಡಿದೆವು. ವಾದ ಮಾಡಿದವರಲ್ಲಿ ತಮ್ಮದೇ ಹೆಸರನ್ನು ಪಟ್ಟಿಯಲ್ಲಿ ಹುಡುಕಿ ನೋಡಿದವರು ಎಷ್ಟು ಮಂದಿ? ನಾವಂತೂ ಅವರಲ್ಲಿರಲಿಲ್ಲ.

ನಾವು ಅವಳಲ್ಲಿ ಕ್ಷಮೆ ಕೇಳಿದೆವು. ಅವಳು ಕ್ಷಮಿಸಿದೆ ಎಂದೂ ಹೇಳಲಿಲ್ಲ, ಇಲ್ಲವೆಂದೂ ಹೇಳಲಿಲ್ಲ. ಎರಡು ತಿಂಗಳು ತರಗತಿಗೆ ಬರಲಿಲ್ಲ.

ಸಾಚಾರ್ ಸಮಿತಿಯ 2006ರ ವರದಿಯ ಅಂಕಿಗಳನ್ನು ನಮ್ಮ ಪತ್ರಿಕೆಗಳು ಎಷ್ಟೋ ಸಲ ಅಚ್ಚು ಹಾಕಿವೆ. ಆಗ ದೇಶದ ಜನಸಂಖ್ಯೆಯಲ್ಲಿ ಮುಸ್ಲಿಮರು 13.4 ಶೇಕಡಾ, ಐಎಎಸ್‌ನಲ್ಲಿ 3 ಶೇಕಡಾ, ಐಪಿಎಸ್‌ನಲ್ಲಿ 4, ವಿದೇಶಾಂಗ ಸೇವೆಯಲ್ಲಿ 1.8. ಇದಕ್ಕೆ ದೊಡ್ಡ ಕಾರಣಗಳಿವೆ. ಬಡತನ, ಶಾಲೆ, ಪಕ್ಷಪಾತ ಎಲ್ಲವೂ ಇವೆ. ಅವುಗಳ ಬಗ್ಗೆ ಬರೆಯುವವರು ಬರೆಯಲಿ. ಆದರೆ ಆ ಮೂರು ಶೇಕಡಾದ ಹಿಂದೆ ಒಂದು ತಪ್ಪು ಮಾಹಿತಿ, ಒಂದು ತಡವಾದ ಪ್ರಮಾಣಪತ್ರ, ತಿಳಿದವರಂತೆ ಮಾತಾಡಿದ ಒಬ್ಬ ಹಿರಿಯರು, ಇಷ್ಟೇ ಚಿಕ್ಕ ಕಾರಣಗಳೂ ಇರುತ್ತವೆ. ಅವುಗಳಲ್ಲಿ ಒಂದು ನಮ್ಮ ಲೆಕ್ಕಕ್ಕಿದೆ.

2025ರ ಏಪ್ರಿಲಿನಲ್ಲಿ ಕೇಂದ್ರ ಲೋಕಸೇವಾ ಫಲಿತಾಂಶ ಬಂದಾಗ ನಮ್ಮ ಸೀಮೆಯೆಲ್ಲ ಒಂದೇ ಹೆಸರು ಹೇಳಿತು. ನಿಪ್ಪಾಣಿಯ ನೆರೆಯ ಕಾಗಲ ತಾಲೂಕಿನ ಯಮಗೆ ಗ್ರಾಮದ ಕುರಿಗಾಹಿ ಮನೆತನದ ಬಿರದೇವ ಢೋಣೆ, 551ನೆಯ ರ‍್ಯಾಂಕ್. ಸುದ್ದಿ ಬಂದಾಗ ಅವರು ಬೆಳಗಾವಿಯ ಬಳಿ ಕುರಿ ಕಾಯುತ್ತಿದ್ದರು. ನಮ್ಮ ಮಕ್ಕಳು ಆ ಚಿತ್ರವನ್ನು ಮೊಬೈಲಿನಲ್ಲಿ ಇಟ್ಟುಕೊಂಡಿದ್ದಾರೆ. ಇಟ್ಟುಕೊಳ್ಳಲಿ. ಆದರೆ ಅದೇ ಪರೀಕ್ಷೆಯ ಇನ್ನೊಂದು ಲೆಕ್ಕವನ್ನೂ ಅವರಿಗೆ ಬರೆಸಿದೆವು. ಅರ್ಜಿ ಹಾಕಿದವರು 9,92,599. ಪೂರ್ವಭಾವಿ ಬರೆದವರು 5,83,213. ಮುಖ್ಯ ಪರೀಕ್ಷೆಗೆ ಹೋದವರು 14,627. ಆಯ್ಕೆಯಾದವರು 1,009. ಉಳಿದ ಐದು ಲಕ್ಷ ಎಂಬತ್ತೆರಡು ಸಾವಿರ ಮಂದಿ ಕಲಿತ ಯೋಜನೆಗಳು, ಕಾಯ್ದೆಗಳು, ಇಸವಿಗಳು ಎಲ್ಲಿಗೆ ಹೋಗುತ್ತವೆ? ರದ್ದಿಗೆ ಹಾಕುವ ಪುಸ್ತಕಗಳ ಜೊತೆ ಹೋಗಬೇಕೇ? ಒಬ್ಬ ತಾಯಿಯ ನಾಲ್ಕು ತಿಂಗಳ ಹಣ ಎಲ್ಲಿದೆ ಎಂದು ಹುಡುಕಲು ಐಎಎಸ್ ಆಗಬೇಕಿಲ್ಲ. ಐಎಎಸ್‌ಗೆಂದು ಓದಿದ ಒಬ್ಬ ಮಗಳಿದ್ದರೆ ಸಾಕು.

ಎರಡು ತಿಂಗಳ ನಂತರ ರಾಯಬಾಗದವಳು ಬಂದಳು. ಕೈಯಲ್ಲಿ ಒಂದು ನೂರು ಪುಟದ ನೋಟ್‌ಬುಕ್ಕು. ಕೇಂದ್ರದ ಪಟ್ಟಿ, ರಾಜ್ಯದ ಪಟ್ಟಿ, ಎರಡನ್ನೂ ಪಕ್ಕ ಪಕ್ಕದಲ್ಲಿ ಕನ್ನಡದಲ್ಲೂ ಉರ್ದುವಿನಲ್ಲೂ ಬರೆದಿದ್ದಳು. ಯಾವ ಹೆಸರಿಗೆ ಯಾವ ಪ್ರಮಾಣಪತ್ರ, ಯಾವ ಪರೀಕ್ಷೆಗೆ ಯಾವುದು ನಡೆಯುತ್ತದೆ, ವಯಸ್ಸು ಎಷ್ಟು, ಅರ್ಜಿಯ ಕೊನೆಯ ದಿನದೊಳಗೆ ಏನು ಕೈಯಲ್ಲಿರಬೇಕು, ಎಲ್ಲವೂ ಇತ್ತು. ರಾಜ್ಯದ ಪರೀಕ್ಷೆಗಳಲ್ಲಿ ಅವಳಿಗೆ ಇನ್ನೂ ವಯಸ್ಸಿದೆ. ಅದಕ್ಕೆ ಓದುತ್ತಿದ್ದಾಳೆ. ಬಿಡುವಿನಲ್ಲಿ ರಾಯಬಾಗದ ತನ್ನ ಓಣಿಯ ಮಕ್ಕಳ ಶಾಲಾ ದಾಖಲೆಗಳನ್ನು ನೋಡಿ, ಹೆಸರಿನ ಅಕ್ಷರ ತಪ್ಪಿದ್ದರೆ ಈಗಲೇ ತಿದ್ದಿಸಿಕೊಳ್ಳಿ ಎಂದು ತಾಯಂದಿರಿಗೆ ಹೇಳುತ್ತಾಳೆ.

ಮೊನ್ನೆ ಭಾನುವಾರ ಹತ್ತನೆಯ ತರಗತಿಯ ಒಬ್ಬ ಹುಡುಗಿ ತಾಯಿಯ ಜೊತೆ ನಮ್ಮ ಮನೆಗೆ ಬಂದು ಜಾತಿ ಪ್ರಮಾಣಪತ್ರದ ಬಗ್ಗೆ ಏನನ್ನೋ ಕೇಳಿದಳು. ನಮಗೆ ಉತ್ತರ ಗೊತ್ತಿತ್ತು, ಹೇಳಲು ಬಾಯಿ ತೆರೆದೆವು. ರಾಯಬಾಗದವಳು ತಲೆ ಎತ್ತಿ ನಮ್ಮನ್ನೇ ನೋಡಿದಳು. "ತಡಿ ಮಗಾ, ನೋಡಿ ಹೇಳ್ತೇವೆ" ಎಂದು ಹೇಳಿ, ಅವಳ ನೋಟ್‌ಬುಕ್ಕಿಗಾಗಿ ನಾವು ಕೈ ಚಾಚಿದೆವು.